ರೆಪ್ಪೆಯೊಳಗಿನ ಬಳುವಳಿ

ದುಡಿದು ತಿನ್ನುವ ಗಂಡಸಿಗೆ ಒಂದು ಹೆಮ್ಮೆಯಾದರೂ ಬೇಕು. ಇಲ್ಲದಿದ್ದರೆ ಪಾಳಿ ಮುಗಿಸಿ ಬರುವಾಗ ತಲೆ ಎತ್ತಿ ನಡೆಯುವುದು ಕಷ್ಟ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದ ನನ್ನ ಹೆಮ್ಮೆ ಇಷ್ಟೇ: ಹೆಂಡತಿ ಶಾಂತಾಳನ್ನು ಬಿಟ್ಟರೆ ಮಾವನ ಮನೆಯಿಂದ ಒಂದು ಚಮಚವನ್ನೂ ತಂದವನಲ್ಲ. ಅವಳ ತವರು, ನಮ್ಮ ಜಿಲ್ಲೆಯದೇ ಹಳ್ಳಿಯಾದ ಇಂದೂರಿನಲ್ಲಿ ಭತ್ತ ಬೆಳೆಯುವ ಅವಳ ತಮ್ಮ ಪ್ರತಿ ಸುಗ್ಗಿಗೂ ಫೋನ್ ಮಾಡಿ, "ಹೊಸ ಅಕ್ಕಿ ಒಂದ್ ಚೀಲ ಕಳಸ್ಲೇನ್ರಿ ಮಾಮಾ?" ಎನ್ನುತ್ತಾನೆ. "ಅಂಗಡ್ಯಾಗ ಅಕ್ಕಿ ಸಿಗತೈತಿ" ಎನ್ನುತ್ತೇನೆ. ಆಮೇಲೆ ಶಾಂತಾ ನನ್ನೊಡನೆ ಮಾತಾಡುವುದಿಲ್ಲ. ತಾಟಿಗೆ ಅನ್ನ ಬಡಿಸುವ ಸದ್ದಿನಲ್ಲೇ ಹೇಳುವುದನ್ನೆಲ್ಲ ಹೇಳುತ್ತಾಳೆ.

ಆ ತಮ್ಮನ ಮಗಳು ಭಾಗ್ಯಾ ಧಾರವಾಡದಲ್ಲಿ ನುಸಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಮೆಣಸಿನ ಎಲೆ ಮುರುಟಿಸುವ ನುಸಿ ನನಗೆ ಗೊತ್ತಿತ್ತು. ಇವಳದು ಮನುಷ್ಯರ ಮುಖದ ನುಸಿ. ಹೋದ ವರ್ಷ ಬಂದು, "ಮಾಮಾ, ನಾಕು ರೆಪ್ಪಿಗೂದಲಾ ಕೊಡ್ರಿ" ಅಂದಳು. ದಿನಾ ಮುಖ ಕೆಂಪಾಗುವ ತನಕ ಸಾಬೂನು ಹಚ್ಚಿ ತಿಕ್ಕುವವನು ನಾನು. "ನನ್ನ ಮಾರ್ಯಾಗ ಅಂಥಾದ್ದೇನೂ ಸಿಗಂಗಿಲ್ಲವ್ವಾ" ಅಂದೆ. "ದೊಡ್ಡವರು ಅಂದಮ್ಯಾಲ ಹೆಚ್ಚೂಕಮ್ಮಿ ಎಲ್ಲಾರಿಗೂ ಇರ್ತಾವ ಮಾಮಾ. ಸಾಬಾಣಕ್ಕ ಹೋಗಂಗಿಲ್ಲ." ಆದರೂ ನನ್ನದು, ಶಾಂತಾಳದ್ದು, ತನ್ನ ಅಪ್ಪನದ್ದು, ಬೈಲಹೊಂಗಲದಲ್ಲಿರುವ ನನ್ನ ಅಣ್ಣನದ್ದೂ ತೆಗೆದುಕೊಂಡಳು. ಕಣ್ಣಿಗೆ ಕಾಣದ ಆ ಎಂಟು ಕಾಲಿನ ಜೀವಿಗಳು ಕೂದಲಿನ ಬುಡದಲ್ಲಿ ಚರ್ಮದ ಜಿಡ್ಡು ತಿಂದುಕೊಂಡಿರುತ್ತವಂತೆ. ಕೂತಲ್ಲೇ ಊಟ, ಬಿಸಿಲಿಲ್ಲ, ವೈರಿಯಿಲ್ಲ. ತಲೆತಲಾಂತರದಿಂದ ಹೀಗೇ ಇದ್ದು, ಬೇರೆ ನುಸಿಗಳಿಗಿರುವ ಎಷ್ಟೋ ವಂಶವಾಹಿಗಳನ್ನು ಕಳೆದುಕೊಂಡಿವೆಯಂತೆ. "ಅಂದ್ರ ಮನಿಅಳಿಯಂದ್ರು ಅನ್ನು" ಎಂದು ನಾನು ಜೋರಾಗಿ ನಕ್ಕೆ.

ಈ ದೀಪಾವಳಿಗೆ ಅವಳು ಫಲಿತಾಂಶ ತಂದಳು. ಒಂದೇ ಮನೆಯಲ್ಲಿ ಬಾಳುವವರ ನಡುವೆ, ತಾಯಿಯಿಂದ ಮಕ್ಕಳಿಗೆ, ಗಂಡ ಹೆಂಡಿರಲ್ಲಿ ಒಬ್ಬರಿಂದೊಬ್ಬರಿಗೆ ಇವು ದಾಟುತ್ತವಂತೆ. "ನಿಮ್ಮ ಅಣ್ಣಾರ ನುಸಿ ವಂಶ ಬ್ಯಾರೆ ಐತಿ ಮಾಮಾ. ನಿಮ್ಮವು, ಅತ್ತಿವು, ನಮ್ಮಪ್ಪನವು ಒಂದ ವಂಶ."

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂದ್ರ ಇಂದೂರಿಂದ ಬಂದಾವು?"

"ಖಾತ್ರಿ ಹೇಳಾಕ ಬರಂಗಿಲ್ಲ ಅತ್ತಿ. ಹಂಗ ಕಾಣತೈತಿ."

ನಾನು ಆ 'ಖಾತ್ರಿ' ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿದೆ. ನನ್ನವೇ ಶಾಂತಾಳಿಗೆ ಹೋಗಿರಬಾರದೇಕೆ ಎಂದೆ. "ಹಂಗಾದ್ರ ನಮ್ಮಪ್ಪಗ ಹೆಂಗ ಹತ್ತಿದುವು ಮಾಮಾ? ನೀವು ನಮ್ಮ ಮನ್ಯಾಗ ಒಂದ ರಾತ್ರಿನೂ ಉಳದಿಲ್ಲ" ಎಂದಳು ಭಾಗ್ಯಾ. ಅದೂ ನನ್ನ ಹೆಮ್ಮೆಯ ಒಂದು ಭಾಗವೇ ಆಗಿತ್ತು.

"ಚಮಚಾನೂ ತಂದಿಲ್ಲಂತ" ಎಂದಳು ಶಾಂತಾ, ಹಂಚಿನ ಮೇಲೆ ರೊಟ್ಟಿ ಹಾಕುತ್ತಾ. "ಇಷ್ಟು ವರ್ಷ ನನ್ನ ತವರವರನ್ನ ಮಾರಿ ತುಂಬ ಇಟ್ಕೊಂಡು ಅಡ್ಡಾಡ್ಯಾರ." ಹಿಟ್ಟಿನ ಕೈಯಲ್ಲೇ ಫೋನ್ ತೆಗೆದು, ನನ್ನ ಎದುರಿಗೇ ತಮ್ಮನಿಗೆ ಹೇಳಿದಳು: "ಅಕ್ಕಿ ಕಳಸೋ. ಇವರು ಏನೂ ಅನ್ನಂಗಿಲ್ಲ."

ಚೀಲ ಬಂತು. ಹೊಸ ಅಕ್ಕಿಯ ಅನ್ನ ಬಡಿಸುವಾಗ ಅವಳ ಕೈ ಸದ್ದೇ ಮಾಡಲಿಲ್ಲ. ನಾನು ಸೋತೆನೆಂದು ಅವಳು ತಿಳಿದಂತಿದೆ. ಹಾಗೇನೂ ಇಲ್ಲ. ಮುಖದಲ್ಲಿರುವವರು ಹೇಗಿದ್ದರೂ ಆ ಊರಿನವರು. ನನ್ನ ಹಟಕ್ಕೆ ಪಾಪ ಅವರಿಗೇಕೆ ತವರಿನ ಅನ್ನ ತಪ್ಪಿಸಲಿ ಎಂದು ತಾಟನ್ನು ಮತ್ತೊಮ್ಮೆ ಮುಂದೆ ಹಿಡಿದೆ, ಅಷ್ಟೆ.