ಅರ್ಧಶಾಸ್ತ್ರ

ಮಗಳು ಕಾಲೇಜು ಸೇರಿದ ವಾರವೇ ಇಟ್ಟಿಗೆಯಂಥ ಪುಸ್ತಕವೊಂದು ತನ್ನ ಕತ್ತರಿಸುವ ಮೇಜಿನ ಮೇಲೆ ಬಂದು ಕೂತಿದ್ದನ್ನು ಕಂಡು ದರ್ಜಿ ಅದನ್ನು ಕೈಯಲ್ಲಿ ತೂಗಿ ನೋಡಿದ. ಅರ್ಥಶಾಸ್ತ್ರವಂತೆ. ಹಿಂಬದಿಯಲ್ಲಿ ಅಚ್ಚಾಗಿದ್ದ ಬೆಲೆ ಓದಿದ ಮೇಲಂತೂ ಸ್ಟೂಲು ಹುಡುಕಿ ಕೂತ.

“ಇಷ್ಟು ದುಡ್ಡು ಸುರಿದು ಇದನ್ನ ತಂದಳಾ ನಿನ್ನ ಮಗಳು?”

ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು. “ರೀ, ಅದು ಹಾಗಲ್ಲ. ಅವಳು ಅದನ್ನ...”

“ನೀ ಸುಮ್ನಿರು. ನನಗೊಂದು ಉಪಾಯ ಹೊಳೀತಾ ಇದೆ.”

(ಅವನಿಗೆ ಉಪಾಯ ಹೊಳೆಯುವಾಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಹೊಳೆದ ಮೇಲೆ ಮಾತಾಡಿ ಪ್ರಯೋಜನವಿಲ್ಲ.)

ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಮಗಳದೂ ಅದೇ ತರಗತಿ. ದರ್ಜಿ ಬೇಲಿಯಾಚೆ ಕತ್ತು ಚಾಚಿದ. “ಸ್ವಾಮೀ, ಎರಡು ಮನೆಗೆ ಎರಡು ಪುಸ್ತಕ ಯಾಕೆ? ನಮ್ಮ ಹುಡುಗಿ ಮುಂದಿನಿಂದ ಓದಲಿ, ನಿಮ್ಮ ಹುಡುಗಿ ಹಿಂದಿನಿಂದ ಓದಲಿ. ಮಧ್ಯದಲ್ಲಿ ಎದುರುಬದುರಾದಾಗ ಬದಲಾಯಿಸ್ಕೊಂಡ್ರಾಯ್ತು!”

ಪೋಸ್ಟ್‌ಮ್ಯಾನ್ ಅರ್ಧ ಬೆಲೆ ಎಣಿಸಿಕೊಟ್ಟ. ದರ್ಜಿ ಸೀಮೆಸುಣ್ಣದಿಂದ ಬೆನ್ನಿಗೆ ಗುರುತು ಹಾಕಿ, ದೊಡ್ಡ ಕತ್ತರಿ ಕೈಗೆತ್ತಿಕೊಂಡ.

“ಅಯ್ಯೋ, ಒಂದೇ ಒಂದು ಮಾತು ಕೇಳ್ರೀ!”

“ಕತ್ತರಿ ಆಡುವಾಗ ಮಾತಾಡಬೇಡ ಅಂತ ಎಷ್ಟು ಸಲ ಹೇಳಿದೀನಿ?”

ಕರಕ್! ಅರ್ಥಶಾಸ್ತ್ರ ಅರ್ಧಶಾಸ್ತ್ರವಾಯಿತು.

ಸಂಜೆ ಮನೆಗೆ ಬಂದ ಮಗಳು ಉಳಿದ ತುಂಡನ್ನು ನೋಡಿ ಬಾಗಿಲಲ್ಲೇ ಅಳತೊಡಗಿದಳು. “ಅಪ್ಪಾ, ಅದು ಕಾಲೇಜು ಲೈಬ್ರರಿ ಪುಸ್ತಕ! ದುಡ್ಡು ಉಳೀಲಿ ಅಂತ ಎರವಲು ತಂದಿದ್ದೆ. ಇನ್ನು ನನ್ನ ಕಾರ್ಡ್ ಕಿತ್ಕೋತಾರೆ. ವರ್ಷವಿಡೀ ಯಾವ ಪುಸ್ತಕಾನೂ ಸಿಗಲ್ಲ!”

“ಅದನ್ನೇ ಬೆಳಿಗ್ಗೆಯಿಂದ ಹೇಳೋಕೆ ಒದ್ದಾಡ್ತಿದ್ದೆ,” ಎಂದಳು ಹೆಂಡತಿ.

ಮಗಳ ಕಣ್ಣೀರು ಕಂಡರೂ ದರ್ಜಿಯ ಧೈರ್ಯ ಕೆಡಲಿಲ್ಲ. “ಹರಿದದ್ದನ್ನ ಹೊಲಿಯೋದೇ ನಮ್ಮ ಕಸುಬು ಕಣೇ. ಅಳ್ಬೇಡ.” ಪಕ್ಕದ ಮನೆಗೆ ದುಡ್ಡು ಹಿಂದಿರುಗಿಸಿ ಅರ್ಧ ಪುಸ್ತಕ ತಂದ. ದಬ್ಬಣಕ್ಕೆ ಮೇಣದ ದಾರ ಪೋಣಿಸಿ, ಬೆನ್ನಿಗೆ ಕೋಟಿನ ಒಳಪದರದ ಬಟ್ಟೆ ಕೊಟ್ಟು, ಎರಡನ್ನೂ ಒಂದು ಮಾಡಿದ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾನೇ ಲೈಬ್ರರಿಗೆ ಹೊರಟ. ಮಗಳು ಹಿಂದೆ ಹಿಂದೆ.

ಲೈಬ್ರರಿಯಮ್ಮ ಪುಸ್ತಕವನ್ನು ತಿರುಗಿಸಿ, ಎಳೆದು, ಬಿಡಿಸಿ ನೋಡಿದರು. “ಯಾರು ಹೊಲಿದದ್ದು?”

“ನಾನೇ ಅಮ್ಮಾ. ಹಳೇ ಬೈಂಡು ಸ್ವಲ್ಪ ಸಡಿಲ ಇತ್ತು.”

“ಕತ್ತರಿಸಿದ್ದು?”

“ಅದೂ... ನಾನೇ.”

ಅವರು ಬೈಯಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದರು. ಬೆನ್ನು ಮುರಿದ, ಹೊಟ್ಟೆ ಬಿರಿದ ಪುಸ್ತಕಗಳ ರಾಶಿ ಸೂರು ಮುಟ್ಟುತ್ತಿತ್ತು. “ಕಾರ್ಡ್ ಉಳಿಸ್ತೀನಿ. ಇವನ್ನೆಲ್ಲ ಹೀಗೇ ಹೊಲಿದುಕೊಡಿ. ದಾರ ನಿಮ್ಮದೇ ತನ್ನಿ.”

ಈಗ ಪ್ರತಿ ಶನಿವಾರ ಅಂಗಡಿಗೆ ಬೀಗ. ಗಿರಾಕಿಗಳು ಕೇಳಿದರೆ ದರ್ಜಿ ಎದೆ ಉಬ್ಬಿಸಿ, “ಕಾಲೇಜಿಗೆ ಹೋಗ್ತಿದೀನಿ,” ಅನ್ನುತ್ತಾನೆ.

“ಹೌದು,” ಎಂದು ಹೆಂಡತಿ ಒಳಗಿನಿಂದ ದನಿಗೂಡಿಸುತ್ತಾಳೆ. “ಮಗಳದು ಮೂರು ವರ್ಷಕ್ಕೆ ಮುಗಿಯುತ್ತೆ. ಇವರು ಪಾಸಾಗೋ ಲಕ್ಷಣ ಕಾಣ್ತಿಲ್ಲ.”