ಗೂಡು ಕಟ್ಟದ ಹುಳುಗಳು

ತಾತನಾದವನಿಗೆ ಸಂತೋಷ ಹೆಚ್ಚಾದರೆ ಕೈ ಸುಮ್ಮನಿರುವುದಿಲ್ಲ. ಕೆಲವರು ಬೀದಿಗೆಲ್ಲ ಮೈಸೂರುಪಾಕು ಹಂಚುತ್ತಾರೆ. ಕೆಲವರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಫೋನಿನಲ್ಲಿ ಮಗುವಿನ ಫೋಟೋ ತೋರಿಸುತ್ತಾರೆ. ನಾನು ಎರಡನ್ನೂ ಮಾಡಿ ಮುಗಿಸಿದೆ. ಆಮೇಲೂ ಸಂತೋಷ ಮಿಕ್ಕಿತು. ಆ ಮಿಕ್ಕ ಸಂತೋಷದಲ್ಲಿ ಹುಳು ಸಾಕಿದೆ.

ಶಿಡ್ಲಘಟ್ಟದ ಕಡೆಯವನು ಹುಳು ಸಾಕಿದೆ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನೂ ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮನೂ ಮದುವೆಯಾದಾಗಿನಿಂದ ರೇಷ್ಮೆ ಹುಳು ಮೇಯಿಸಿದವರೇ. ಇಬ್ಬರ ಮಂಡಿಯೂ ಕೈಕೊಟ್ಟ ಮೇಲೆ ಹುಳು ಮನೆಗೆ ಬೀಗ ಹಾಕಿದೆವು. ಆದರೆ ಇದು ಬೇರೆ ಹುಳು. ಮಗಳು ಸುಜಾತ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ನಾಟಿ ಕೋಳಿ ಮೊಟ್ಟೆ ತಿನ್ನಿಸಬೇಕೆಂದು ನನ್ನ ಆಸೆ. ಹಿತ್ತಲ ಕೋಳಿಗಳಿಗೆ ಆ ಆಸೆ ಇರಲಿಲ್ಲ. ಆಗ ಚಿಂತಾಮಣಿಯಲ್ಲಿ ಕೋಳಿ ಸಾಕಿರುವ ನನ್ನ ಷಡ್ಡಕ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಹಳದಿ ಬಣ್ಣದ ಹುಳುಗಳು ಮಿಸುಕಾಡುತ್ತಿದ್ದವು. “ಇವು ಮೀಲ್‌ವರ್ಮ್ ಅಂತ ಅಣ್ಣಾ. ಗೋಧಿ ಬೂಸಾ ಹಾಕು, ಎರಡು ಚೂರು ಕ್ಯಾರೆಟ್ ಹಾಕು, ಅವೇ ಹೆಚ್ಕೊಂತವೆ. ಕೋಳಿಗೆ ಹಾಕಿ ನೋಡು, ನಿನ್ ಹಿಂದೇನೇ ಸುತ್ತುತವೆ” ಎಂದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹುಳುವಿನ ವಿಷಯಕ್ಕೆ ಬಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಗರ್ವ. ಹುಳು ಮನೆಯ ಬೀಗ ತೆಗೆದು, ಬಿದಿರು ತಟ್ಟೆ ತೊಳೆದು, ಬೂಸಾ ಹರಡಿ ಹುಳು ಬಿಟ್ಟೆ. ಒಳಗೆ ಹೋಗುವಾಗ ಕಾಲು ತೊಳೆದೆ, ಒಳಗೆ ದನಿ ತಗ್ಗಿಸಿ ಮಾತಾಡಿದೆ. ಹುಳು ದಪ್ಪಗಾದ ಮೇಲೆ ಅಟ್ಟದಿಂದ ಚಂದ್ರಿಕೆ ಇಳಿಸಿ ಧೂಳು ಕೊಡವಿ ಪಕ್ಕದಲ್ಲಿ ಇಟ್ಟೆ. ರೇಷ್ಮೆ ಹುಳು ಹಣ್ಣಾದರೆ ಆ ಬಿದಿರಿನ ಸುರುಳಿಯ ಮೇಲೆಯೇ ತಾನೆ ಗೂಡು ಕಟ್ಟುವುದು! ಇವೂ ಕಟ್ಟಲಿ ಎಂದು ಕಾದೆ. ಹೆಂಡತಿ ಬಾಗಿಲಲ್ಲಿ ನಿಂತು, “ಏನ್ರೀ, ಕೋಳಿ ತಿನ್ನೋ ಹುಳಕ್ಕೆ ಮಂಟಪ ಕಟ್ಟಿದೀರಾ?” ಎಂದಳು. ಅವಳೂ ಕಾಲು ತೊಳೆದೇ ಬಂದಿದ್ದಳು.

ಅವು ಗೂಡು ಕಟ್ಟಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬೂಸಾದ ಮೇಲೆ ಬರಿಮೈಯಲ್ಲಿ ಮಲಗಿದ್ದವು. ಹಾಲಿನಂತೆ ಬಿಳುಪು, ಬಾಯಿಲ್ಲ, ನಡೆಯಲು ಕಾಲಿಲ್ಲ, ಎದೆಯ ಮೇಲೆ ಕೈ ಮಡಿಚಿಟ್ಟಂತೆ ಏನೋ ಗುರುತು. ಸತ್ತವು ಎಂದುಕೊಂಡು ಬೆರಳು ತಾಗಿಸಿದೆ. ಸೊಂಟ ತಿರುಗಿಸಿತು. ಪಕ್ಕದ್ದನ್ನು ಮುಟ್ಟಲಿಲ್ಲ, ಅದೂ ತಿರುಗಿತು. ರೇಷ್ಮೆ ಗೂಡಿನೊಳಗಿನ ಕೋಶವನ್ನು ನಾನು ಜನ್ಮವೆಲ್ಲ ಕಂಡಿದ್ದೇನೆ, ಆದರೆ ಅದು ಮರ್ಯಾದೆಯಾಗಿ ಮುಸುಕು ಹಾಕಿಕೊಂಡು ಇರುತ್ತದೆ. ಇವು ಹಾಡುಹಗಲಲ್ಲಿ ಮುಸುಕು ತೆಗೆದು ಮಲಗಿದ್ದವು. ಆಮೇಲೆ ಒಂದೊಂದಾಗಿ ಕರಿಯ ದುಂಬಿಗಳಾಗಿ ಎದ್ದವು. ಕಳಚಿಟ್ಟ ಪೊರೆಗಳು ಯಾರೋ ಬಿಟ್ಟುಹೋದ ಅಂಗಿಗಳ ಹಾಗೆ ಗಾಳಿಗೆ ಅಲುಗುತ್ತಿದ್ದವು.

ಈ ಹುಳುಗಳ ಸದ್ದೂ ಬೇರೆ. ರೇಷ್ಮೆ ಹುಳು ಸೊಪ್ಪು ಮೇಯುವುದು ಮಳೆ ಬಂದ ಹಾಗೆ ಕೇಳುತ್ತದೆ. ಇದು ಒಣಗಿದ ಸದ್ದು. ಯಾರೋ ತರಗೆಲೆಯ ಮೇಲೆ ನಡೆದು ಬರುತ್ತಿದ್ದಾರೆ, ಬರುತ್ತಲೇ ಇದ್ದಾರೆ, ಆದರೆ ಬಂದು ಮುಟ್ಟುವುದಿಲ್ಲ.

ಹುಳು ಮನೆಯ ಗೋಡೆಯ ಈ ಕಡೆ ಮೊಮ್ಮಗಳ ತೊಟ್ಟಿಲು. ಮಧ್ಯಾಹ್ನ ಮನೆಯೆಲ್ಲ ಸುಮ್ಮನಾದಾಗ ಅವಳು ಕಣ್ಣರಳಿಸಿ ಗೋಡೆಯನ್ನೇ ನೋಡುತ್ತಿದ್ದಳು. ಗಿಲಕಿ ಆಡಿಸಿದರೂ ತಿರುಗುತ್ತಿರಲಿಲ್ಲ. ನೋಡುತ್ತ ನೋಡುತ್ತ ಒಂದು ಸಲ ನಕ್ಕಳು. ಬರೀ ಗೋಡೆಗೆ. ಹೆಂಡತಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾರಿಗೂ ಕೆಮ್ಮು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದೇ ಅರ್ಥ.

ಸುಜಾತ ಬಟ್ಟೆ ಚೀಲ ತೆಗೆದಳು. “ಅಪ್ಪಾ, ಆ ಹುಳ ಇರ್ಬೇಕು, ಇಲ್ಲ ಮಗು ಇರ್ಬೇಕು. ನೀನೇ ಹೇಳು. ಸಂಜೆ ಗೌರಿಬಿದನೂರಿಗೆ ಹೊರಟೆ ನಾನು.” ಗೌರಿಬಿದನೂರು ಅವಳ ಅತ್ತೆಮನೆ. ಮಗುವಿಗೆ ನನ್ನ ಮೀಸೆಯ ಗುರುತು ಈಗಷ್ಟೇ ಹತ್ತಿತ್ತು. ತಟ್ಟೆಗಳನ್ನೆಲ್ಲ ಹೊತ್ತು ಹಿತ್ತಲ ಕೋಳಿ ಗೂಡಿನ ಪಕ್ಕದ ಚಪ್ಪರಕ್ಕೆ ಸಾಗಿಸಿ, ಮೇಲೆ ಜಾಲರಿ ಮುಚ್ಚಿದೆ.

ಮಗು ಅಳಲು ಶುರುಮಾಡಿತು. ಹಾಲು ಕೊಟ್ಟರೂ ಅಳು, ಎತ್ತಿದರೂ ಅಳು. ನಾನು ಹಾಡಿದೆ, ಅಳು ಏರಿತು. “ನೀವು ಬಾಯಿ ಮುಚ್ಚಿ, ಅದಾದ್ರೂ ಪುಣ್ಯ” ಎಂದಳು ಹೆಂಡತಿ. ಸುಜಾತ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಲ್ಲಿ ಓಡಾಡಿದಳು. ಚಪ್ಪರದ ಹತ್ತಿರ ಬಂದಾಗ ಅಳು ನಿಂತಿತು. ಆಚೆ ಹೋದಳು, ಅಳು. ಮತ್ತೆ ಬಂದಳು, ಮೌನ. ನಾವು ಮೂವರೂ ತಟ್ಟೆಗಳನ್ನು ನೋಡುತ್ತ ನಿಂತೆವು. ಒಳಗೆ ತರಗೆಲೆಯ ಮೇಲೆ ಯಾರೋ ನಡೆಯುತ್ತಲೇ ಇದ್ದರು. ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು.

ಹೆಂಡತಿ ಮೆಲ್ಲಗೆ ಹೇಳಿದಳು: “ನೀನೂ ಹಿಂಗೇ ಕಣೇ ಸುಜಾತಾ. ಹುಳ ಸೊಪ್ಪು ಮೇಯೋ ಸದ್ದಿಗೇ ನಿಂಗೆ ನಿದ್ದೆ. ಪೊರೆ ಬಿಡೋಕೆ ಹುಳ ಮೇವು ನಿಲ್ಲಿಸ್ತು ಅಂದ್ರೆ, ಮನೆಯೆಲ್ಲಾ ಸೈಲೆಂಟು, ನೀನು ಎದ್ದು ಕಿರುಚೋಳು.”

ಸುಜಾತ ಜಾಲರಿಯ ಮೂಲೆ ಎತ್ತಿ ಒಳಗೆ ಇಣುಕಿದಳು. ಆಮೇಲೆ, “ಅಪ್ಪಾ, ತಟ್ಟೆ ಒಳಗಡೆ ಇಡು. ಇನ್ನೊಂದು ತಿಂಗಳು ಇದ್ದೇ ಹೋಗ್ತೀನಿ” ಎಂದಳು. ಮಂಡಿ ನೋವಿನ ಮನುಷ್ಯ ತಟ್ಟೆ ಹೊತ್ತುಕೊಂಡು ಕುಣಿದದ್ದನ್ನು ನೀವು ನೋಡಬೇಕಿತ್ತು.

ಈಗ ಕೋಳಿಗಳಿಗೆ ಒಂದು ಹುಳುವೂ ಸಿಗುವುದಿಲ್ಲ. ಹುಳು ಕಡಿಮೆಯಾದರೆ ಸದ್ದು ಕಡಿಮೆಯಾಗುತ್ತದೆ. ಮೊಟ್ಟೆಯನ್ನು ಅಂಗಡಿಯಿಂದ ತರುತ್ತೇನೆ. ತೊಟ್ಟಿಲನ್ನು ಹುಳು ಮನೆಯೊಳಗೇ ಕಟ್ಟಿದ್ದೇವೆ. ತೂಗುತ್ತ ಕೂತರೆ ನನಗೂ ನಿದ್ದೆ. ಆ ಕೋಣೆಗೆ ಬೀಗ ಹಾಕಿದ ಮೇಲೆ ಇಂಥ ನಿದ್ದೆ ಕಂಡವನಲ್ಲ. ನಿನ್ನೆ ಮಧ್ಯಾಹ್ನ ಎಚ್ಚರವಾದಾಗ ಹೊಸ್ತಿಲ ಮೇಲೆ ನಮ್ಮ ಕೆಂಪು ಹೇಟೆ ಕೋಳಿ ನಿಂತಿತ್ತು. ಕತ್ತು ಓರೆಮಾಡಿ ತಟ್ಟೆಯನ್ನು ನೋಡಿತು, ತೊಟ್ಟಿಲನ್ನು ನೋಡಿತು. ಕೊನೆಗೆ ನನ್ನನ್ನು ನೋಡತೊಡಗಿತು. ಇಲ್ಲಿ ಬರೀ ತಿಂದು ಮಲಗುವ ದಪ್ಪ ಹುಳು ಯಾವುದೆಂದು ಅದಕ್ಕೆ ಗೊತ್ತಾದಂತಿತ್ತು. ನಾನು ಮೆಲ್ಲಗೆ ಕಾಲು ಮಡಿಚಿಕೊಂಡೆ.