ಒಂದೇ ಕೋಶದ ಸಂಸಾರ

ಮಾಲಿ ಮಾಡಿದ್ದು ಒಳ್ಳೆಯ ಕೆಲಸವೇ. ಜೀವಶಾಸ್ತ್ರದ ಪ್ರಯೋಗಾಲಯದ ಕಿಟಕಿಯಲ್ಲಿ ಪಾಚಿಗಟ್ಟಿದ ನೀರಿನ ಜಾಡಿಯೊಂದು ವಾರದಿಂದ ನಾರುತ್ತಿತ್ತು. ಬೆಳಿಗ್ಗೆ ಬಂದವನೇ ಆ ನೀರನ್ನು ಬಾಡಿದ ಗಿಡಗಳ ಬುಡಕ್ಕೆ ಹೊಯ್ದು, ಜಾಡಿಯನ್ನು ಸೋಪು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಅದೇ ಜಾಗದಲ್ಲಿ ಬೋರಲು ಹಾಕಿದ.

ಹತ್ತು ಗಂಟೆಗೆ ಬಂದ ಅಟೆಂಡರ್ ಅದನ್ನು ನೋಡಿ ಮನೆ ಕಳ್ಳತನವಾದವನ ಹಾಗೆ ನಿಂತುಬಿಟ್ಟ.

"ಏನೋ ಮಾಡಿದೆ? ಅದರೊಳಗೆ ಅಮೀಬಾ ಇತ್ತಲ್ಲೋ."

"ಯಾರು?" ಅಂದ ಮಾಲಿ. "ನಾನು ಚೆನ್ನಾಗಿ ನೋಡಿದೆ ಅಣ್ಣ. ಒಳಗೆ ಯಾರೂ ಇರಲಿಲ್ಲ."

ಕಾಲೇಜಿನ ಮೂರು ಪ್ರಯೋಗಾಲಯಗಳಿಗೂ ಅಟೆಂಡರ್ ಅವನೊಬ್ಬನೇ. ಒಂದರಲ್ಲಿ ಗಾಜು ತೊಳೆಯುವಾಗ ಇನ್ನೊಂದರಲ್ಲಿ ಬರ್ನರ್ ಆರುತ್ತಿತ್ತು, ಮೂರನೆಯದರ ಬಾಗಿಲಲ್ಲಿ ಹುಡುಗರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಮಧ್ಯಾಹ್ನದ ಊಟದ ಡಬ್ಬಿ ಸಂಜೆ ಐದಕ್ಕೆ ತೆರೆಯುತ್ತಿತ್ತು. ಶಾಲೆಯಲ್ಲಿ 'ನನ್ನ ಅಪ್ಪ' ಎಂದು ಚಿತ್ರ ಬರೆಯಲು ಹೇಳಿದರೆ ಅವನ ಮಗಳು ಒಂದು ಬೀಗದಕೈ ಗೊಂಚಲನ್ನೂ ಒಂದು ಜೊತೆ ಚಪ್ಪಲಿಯನ್ನೂ ಬರೆದು ಬಂದಿದ್ದಳು. ಅಂದಿನಿಂದ ಅವನು ಸಹಾಯಕನೊಬ್ಬನನ್ನು ಕೊಡಿ ಎಂದು ಅರ್ಜಿ ಬರೆಯುತ್ತಲೇ ಇದ್ದ. ಈಗ ಜೇಬಿನಲ್ಲಿದ್ದದ್ದು ಏಳನೆಯದು. ಅದಕ್ಕೆ ಸಹಿ ಹಾಕಬಲ್ಲ ಮೇಲಧಿಕಾರಿಗಳು ಇವತ್ತು ಮೂರು ಗಂಟೆಗೆ ಬರುವವರಿದ್ದರು.

"ಸಾಹೇಬ್ರಿಗೆ ಜೀವಂತ ಕೋಶ ತೋರಿಸು," ಎಂದು ವಿಭಾಗದ ಮೇಡಂ ನಿನ್ನೆಯೇ ಹೇಳಿಕೊಟ್ಟಿದ್ದರು. "ಅವರ ಮನಸ್ಸು ಕರಗಿದ್ದು ಕಂಡ ತಕ್ಷಣ ಅರ್ಜಿ ಮುಂದಿಡು."

ತೋರಿಸಲು ಈಗ ಏನಿದೆ? ಕೊನೆಗೆ ಸಿಂಕಿನ ಪಕ್ಕದಲ್ಲಿ ನಿನ್ನೆ ತೊಳೆಯದೆ ಬಿಟ್ಟಿದ್ದ ಪಿಪೆಟ್ಟಿನಲ್ಲಿ ಆ ಜಾಡಿಯದೇ ಹತ್ತು ಹನ್ನೆರಡು ತೊಟ್ಟು ನೀರು ಸಿಕ್ಕಿತು. ಒಂದೊಂದು ತೊಟ್ಟನ್ನು ಒಂದೊಂದು ಗಾಜುಪಟ್ಟಿಯ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತ ಹೋದ. ಒಂಬತ್ತನೆಯ ಗಾಜಿನಲ್ಲಿ ಅದು ಕಂಡಿತು. ಒಂದೇ ಒಂದು.

ಇಪ್ಪತ್ತು ವರ್ಷದಿಂದ ನೋಡಿದ್ದೇ. ಆದರೂ ಬಾಯಿಪಾಠವಾದ ಪದ್ಯವನ್ನು ಇನ್ನೊಬ್ಬರ ದನಿಯಲ್ಲಿ ಕೇಳುವಾಗ ಆಗುತ್ತದಲ್ಲ, ಆ ಸುಖ ಅವನಿಗಾಯಿತು. ಗಾಜಿನ ಮೇಲೆ ಚೆಲ್ಲಿದ ಗಂಜಿಯ ತೊಟ್ಟಿನಂಥ ಜೀವ. ಮೈಯಿಂದ ಒಂದು ಉಬ್ಬು ಚಾಚಿತು. ಒಳಗಿನ ದ್ರವವೆಲ್ಲ ಮೆಲ್ಲಗೆ ಅದರೊಳಕ್ಕೆ ಹರಿಯಿತು. ಕಾಲೇ ಮೈಯಾಗಿ ಮೈಯೇ ಕಾಲಾಗಿ ಮುಂದೆ ಸರಿಯಿತು. ಎಲ್ಲಿಗೆ ಹೊರಟಿತೋ, ಆತುರವಂತೂ ಇರಲಿಲ್ಲ. ಅಟೆಂಡರ್ ತನಗೆ ಅರಿವಿಲ್ಲದೆ ಕೈಮುಗಿದ.

ಸುದ್ದಿ ಹಬ್ಬಿತು. ಮೊದಲು ಬಂದವಳು ಆಫೀಸಿನ ಟೈಪಿಸ್ಟ್ ಅಕ್ಕ.

"ಎಲ್ಲಪ್ಪಾ ಅದು, ನಾನೂ ನೋಡ್ತೀನಿ. ಅಯ್ಯೋ, ಇದಕ್ಕೆ ಮೂಗೆಲ್ಲಿ?"

"ಮೂಗಿಲ್ಲ ಅಕ್ಕ."

"ಬಾಯಿ?"

"ಅದೂ ಇಲ್ಲ."

"ಬಾಯಿಲ್ಲದೆ ಬದುಕಿದೆಯಾ? ನಮ್ಮ ಆಫೀಸಿಗೆ ಬರಲಿ, ಮಧ್ಯಾಹ್ನದ ತನಕ ಉಳಿದ್ರೆ ಕೇಳು," ಎನ್ನುತ್ತ ಅವಳು ಇನ್ನಷ್ಟು ಚೆನ್ನಾಗಿ ಕಾಣಲೆಂದು ಪಕ್ಕದ ತಿರುಗಣೆಯನ್ನು ತಿರುವಿದಳು. ಮಸೂರ ಸರಸರನೆ ಇಳಿದು ಗಾಜಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತದ್ದು ಅಟೆಂಡರ್ ಅವಳ ಕೈ ಹಿಡಿದದ್ದರಿಂದ. ಅವಳು ಕೈ ಕೊಡವಿಕೊಂಡು, "ಮುಟ್ಟಿದ್ರೆ ಮುನಿ ಇದ್ದ ಹಾಗಿದೆ ನಿನ್ನ ಪ್ರಾಣಿ," ಎಂದು ಹೋದಳು.

ಮಾಲಿಗೆ ಮಾತ್ರ ಮಾಡಿದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಅಟೆಂಡರ್ ಪಕ್ಕದ ಪ್ರಯೋಗಾಲಯಕ್ಕೆ ಓಡಿದ್ದಾಗ ಒಳಗೆ ಬಂದು, ಗಾಜಿನ ಮೇಲಿನ ನೀರು ಆರುತ್ತಿರುವುದನ್ನು ಕಂಡು, ತಾನು ಕುಡಿಯಲು ತಂದಿದ್ದ ಶರಬತ್ತಿನಲ್ಲೇ ಒಂದು ತೊಟ್ಟನ್ನು ಅಂಚಿಗೆ ಬಿಟ್ಟ.

"ಅದರಲ್ಲಿ ಏನಿದೆ?" ಬಾಗಿಲಲ್ಲೇ ಕೇಳಿದ ಅಟೆಂಡರ್.

"ನಿಂಬೆಹಣ್ಣು, ಉಪ್ಪು. ಸುಸ್ತಿಗೆ ಒಳ್ಳೇದು ಅಣ್ಣ."

ಅಟೆಂಡರ್ ಹಾರಿಬಂದು ಒತ್ತುಕಾಗದದಿಂದ ಆ ನೀರನ್ನು ಹೀರಿಸಿ ತೆಗೆದು, ಪಿಪೆಟ್ಟಿನ ಕೊನೆಯ ತೊಟ್ಟನ್ನು ಬಿಟ್ಟ. "ಹೊರಗೆ ಉಪ್ಪು ಹೆಚ್ಚಾದ್ರೆ ಕೋಶದೊಳಗಿನ ನೀರೆಲ್ಲ ಹೊರಗೆ ಹೊರಟುಬಿಡುತ್ತೆ ಕಣೋ. ಸುತ್ತ ಒಂದು ಪೊರೆ ಇದೆ, ಕಣ್ಣಿಗೇ ಕಾಣದಷ್ಟು ತೆಳು. ಯಾವುದನ್ನ ಒಳಗೆ ಬಿಡಬೇಕು, ಯಾವುದನ್ನ ತಡೀಬೇಕು ಅಂತ ಅದಕ್ಕೆ ಗೊತ್ತು. ಇಷ್ಟು ದಪ್ಪ ಬಾಗಿಲಿಟ್ಕೊಂಡು ನನಗೆ ನಿನ್ನೊಬ್ಬನನ್ನ ತಡೆಯೋಕಾಗ್ಲಿಲ್ಲ."

ಎರಡೂವರೆಗೆ ಅವನು ಮತ್ತೆ ಬಗ್ಗಿ ನೋಡಿದ. ಅಮೀಬಾ ಚಾಚಿದ ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ಗುಂಡಗೆ, ಸುಮ್ಮನೆ ಕೂತಿತ್ತು.

"ವಯಸ್ಸಾಗಿತ್ತೇನೋ ಪಾಪ," ಎಂದಳು ಮತ್ತೆ ನೋಡಲು ಬಂದ ಅಕ್ಕ.

"ನನ್ನಿಂದಲೇ ಆಯ್ತು," ಎಂದು ಮಾಲಿ ಟವೆಲಿನಿಂದ ಮೂಗೊರೆಸಿಕೊಂಡ.

ಅಷ್ಟರಲ್ಲಿ ಮೇಡಂ ಹಿಂದೆ ಮೇಲಧಿಕಾರಿಗಳು ಬಂದೇಬಿಟ್ಟರು. ಬೆಳಗಿನಿಂದ ನಾಲ್ಕು ಕಾಲೇಜು ಸುತ್ತಿದ ಮುಖ, ಇಸ್ತ್ರಿ ಬಿಟ್ಟ ಅಂಗಿ. ಬೇರೆ ದಾರಿಯಿಲ್ಲದೆ ಅಟೆಂಡರ್ ಕೊನೆಯದಾಗಿ ಒಮ್ಮೆ ಕಣ್ಣಿಟ್ಟ. ಗುಂಡಗಿನ ಮೈಯೊಳಗೆ ರಸದಾನಿ ಎಂಬ ಪುಟ್ಟ ನೀರಗುಳ್ಳೆ ಮೆಲ್ಲಗೆ ತುಂಬಿ, ತಟ್ಟನೆ ಇಲ್ಲವಾಗಿ, ಮತ್ತೆ ತುಂಬತೊಡಗಿತು. ಜೀವವಿದೆ. ಅವನು ಎದ್ದು ಅಧಿಕಾರಿಗಳಿಗೆ ಜಾಗ ಬಿಟ್ಟ.

"ನೋಡಿ ಸಾರ್. ಕಾಲಿಲ್ಲ, ನಡೆಯುತ್ತೆ. ಬೇಕಾದಾಗ ಕಾಲು ಮಾಡ್ಕೊಳ್ಳುತ್ತೆ, ಸಾಕಾದ್ರೆ ಕರಗಿಸ್ಕೊಳ್ಳುತ್ತೆ. ಬಾಯಿಲ್ಲ, ಉಣ್ಣುತ್ತೆ. ಆಹಾರ ಎಲ್ಲಿ ತಾಗಿತೋ ಅಲ್ಲೇ ಬಾಯಿ. ಮೂಗಿಲ್ಲದೆ ಉಸಿರಾಡುತ್ತೆ. ಹೆಚ್ಚಾದ ನೀರನ್ನ ಆ ಗುಳ್ಳೆ ಎತ್ತಿ ಹೊರಗೆ ಹಾಕುತ್ತೆ. ಮಸಿಯ ಚುಕ್ಕೆ ಹಾಗೆ ಕಾಣ್ತಿದೆಯಲ್ಲ, ಅದು ಕೋಶಕೇಂದ್ರ. ಅಪ್ಪಣೆಯೆಲ್ಲ ಅಲ್ಲಿಂದ. ಇನ್ನೂ ಸಣ್ಣ ಕಣಗಳಿವೆ, ಈ ಮಸೂರಕ್ಕೆ ಸಿಗಲ್ಲ, ಅವು ಒಲೆ ಇದ್ದ ಹಾಗೆ, ಅನ್ನ ಉರಿಸಿ ಶಕ್ತಿ ಮಾಡ್ತವೆ. ಅಡುಗೆಮನೆ, ಉಗ್ರಾಣ, ಕಚೇರಿ, ಬಚ್ಚಲು, ಎಲ್ಲ ಆ ಒಂದೇ ಕೋಣೆಯಲ್ಲಿ ಸಾರ್. ಒಬ್ಬರಿಗೊಬ್ಬರು ಅಡ್ಡ ಬರಲ್ಲ."

ಅಧಿಕಾರಿಗಳು ಬಗ್ಗಿದವರು ಏಳಲೇ ಇಲ್ಲ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಇಷ್ಟೆಲ್ಲ ಒಂದೇ ಕೋಶವೇ?"

"ಒಂದೇ ಸಾರ್."

ಮೇಡಂ ಕಣ್ಸನ್ನೆ ಮಾಡಿದರು. ಅಟೆಂಡರ್ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದ. ಅಧಿಕಾರಿಗಳು ಪೆನ್ನು ತೆಗೆದು ಓದಿದರು. ಪೆನ್ನು ಕಾಗದದ ಮೇಲೆ ಬಂದು ನಿಂತಿತು.

"ಸಹಾಯಕ ಯಾಕ್ರೀ?"

"ಒಬ್ಬನೇ ಅಂದ್ರೆ ಬಹಳ ಕಷ್ಟ ಸಾರ್."

"ಈಗ ತಾನೆ ನೀವೇ ಹೇಳಿದ್ರಲ್ಲ. ಕೈಯಿಲ್ಲ, ಕಾಲಿಲ್ಲ, ಎಲ್ಲ ಕೆಲಸವನ್ನೂ ತಾನೊಂದೇ ಮಾಡ್ಕೊಳ್ಳುತ್ತೆ ಅಂತ. ನಿಮಗೆ ದೇವರು ಎರಡು ಕೈ ಕೊಟ್ಟಿದ್ದಾನೆ."

 ಅಟೆಂಡರ್ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಮರುಕ್ಷಣ ಅವನ ಮುಖ ದೀಪ ಹಚ್ಚಿದಂತಾಯಿತು. ಅದು ಸುಸ್ತಾಗಿ ಕೂತದ್ದಲ್ಲ. ಕೋಶಕೇಂದ್ರ ಆಗಲೇ ಎರಡಾಗಿ ಆಚೀಚೆ ಸರಿದಿತ್ತು, ಮೈ ನಡುವಿನಲ್ಲಿ ಸಣ್ಣಗಾಗಿ ನೂಲಿನಷ್ಟೇ ಉಳಿದಿತ್ತು.

"ಸಾರ್, ಬನ್ನಿ, ಬೇಗ ನೋಡಿ. ಒಂದು ಹಂತ ದಾಟಿದ್ರೆ ಇದಕ್ಕೂ ಒಬ್ಬಂಟಿ ಸಾಗಲ್ಲ. ಎರಡಾಗ್ತಿದೆ."

ಅಧಿಕಾರಿಗಳು ಬಗ್ಗಿದರು. ಅಕ್ಕ ಉಸಿರು ಬಿಗಿಹಿಡಿದಳು. ಮಾಲಿ ಟವೆಲ್ ಕಚ್ಚಿಕೊಂಡ. ಆ ನೂಲೂ ಕಡಿದು, ಎರಡು ಪುಟ್ಟ ಜೀವಗಳು ಒಂದೊಂದು ಕಾಲು ಚಾಚಿ ತಮ್ಮ ತಮ್ಮ ದಾರಿ ಹಿಡಿಯುವವರೆಗೂ ಅವರು ಕದಲಲಿಲ್ಲ. ಆಮೇಲೆ ನೆಟ್ಟಗಾಗಿ, ಅಟೆಂಡರ್‌ನ ಹೆಗಲ ಮೇಲೆ ಕೈಯಿಟ್ಟರು.

"ನಿಜ ಕಣ್ರೀ, ಎರಡಾಯ್ತು," ಎಂದರು ಗದ್ಗದವಾಗಿ. "ಆದ್ರೆ ನೋಡಿ, ಯಾರಿಗೂ ಅರ್ಜಿ ಹಾಕ್ಲಿಲ್ಲ." ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.